ಖಾಲಿ ಕೊಡಬಾರದ ಡಬ್ಬಿ

ಡಿ. 9, 2024, ಸೋಮವಾರ, ಬೆಳಿಗ್ಗೆ 10
ಗಾಂಧಿನಗರ ಆಫೀಸು. ಚಹಾ ಆರಿತ್ತು, ಆದರೂ ಕುಡಿದೆ. ಇಲ್ಲೇ ಕೆಲಸ ಮಾಡಿ ನಿವೃತ್ತರಾದ ಮೈಲಾರಲಿಂಗಪ್ಪ ಸರ್ ಮೂವತ್ತೈದು ವರ್ಷದ ಹಿಂದೆ ಫೋರ್‌ಟ್ರಾನ್ ಅನ್ನೋ ಹಳೇ ಕಂಪ್ಯೂಟರ್ ಭಾಷೆಯಲ್ಲಿ ಬರೆದ ಕೋಡ್, ಈಗಿನ ಪೈಥಾನ್ ಭಾಷೆಯ ನನ್ನ ಕೋಡ್ ಕರೆದ ತಕ್ಷಣ ಓಗೊಟ್ಟಿತು! ಬಿತ್ತನೆ ಭತ್ತದ ತೇವ ಎಷ್ಟು ಅಂತ ಕೊಟ್ಟರೆ ಎಷ್ಟು ತಾಸು ಒಣಗಿಸಬೇಕು ಅಂತ ಹೇಳುತ್ತದೆ. ತೇವ ಶೇಕಡಾ 19 ಅಂತ ಕೊಟ್ಟೆ, 14 ತಾಸು ಅಂತು. ಸರಿ ಇದೆ. ಸಿರುಗುಪ್ಪದ ಎರ್ರಣ್ಣನ ಬೀಜದ ಘಟಕಕ್ಕೆ ಇವತ್ತೇ ಹಾಕಿಬಿಟ್ಟೆ. ಎರಡು ಡ್ರೈಯರ್, ಒಂದೇ ಭತ್ತ. ಒಂದನ್ನು ಪರೀಕ್ಷೆ ಮಾಡಿದರೆ ಸಾಕಲ್ಲ...

ಡಿ. 12, ಗುರುವಾರ
ಎರ್ರಣ್ಣನ ಫೋನು. "ಮೇಡಮ್, ಎರಡನೇ ಡ್ರೈಯರ್ ನಾಕೇ ತಾಸಿಗೆ ನಿಂತೈತ್ರಿ. ಮಷಿನ್ ಹೇಳ್ತಲ್ಲ ಅಂತ ಚೀಲ ತುಂಬಿಸಿಬಿಟ್ಟೆ. ಈಗ ಕೈ ಹಾಕಿದ್ರ ಬೆಚ್ಚಗ ಹತ್ತಾಕತ್ತೈತಿ."
ಹಸಿ ಬೀಜ ಚೀಲದೊಳಗೆ ಬೆಂದರೆ ಮೊಳಕೆ ಸತ್ತಂತೆ. ಅರವತ್ತು ಚೀಲ. ಬೇಸಿಗೆ ಬೆಳೆಗೆ ಜನ ಸಸಿಮಡಿಗೆ ಚೆಲ್ಲುವುದು ಇದನ್ನೇ. ಮತ್ತೆ ಒಣಗಿಸಿರಿ ಅಂದೆ. ಜೀವ ಉಳಿದಿದೆಯೋ ಇಲ್ಲವೋ...
ಬಾಸ್ ಹಂಪೇಶ್ ಕೇಳಿದರು, "ಯಾರ ತಪ್ಪವ್ವ ಅಂಜನಾ?" ಥಟ್ಟನೆ ಅಂದೆ — "ಮುದುಕರ ಕೋಡ್ ಸರ್." ಏನೂ ನೋಡದೇ ಹೇಳಿದೆ.

ಡಿ. 14, ಶನಿವಾರ, ಸಂಜೆ
ಕುರುಗೋಡಿಗೆ ಹೋಗಿ ಬಂದೆ, ಸರ್ ಮನೆಗೆ. ಜಗಳಕ್ಕೇ ಹೋಗಿದ್ದೆ ಅನ್ನಬೇಕು. ಬರಿಗೈಲಿ ಹೋಗಬ್ಯಾಡ ಅಂತ ಅಮ್ಮ ಡಬ್ಬಿ ತುಂಬ ಚಕ್ಕುಲಿ ಕೊಟ್ಟಿದ್ದಳು. ಸರ್ ಕನ್ನಡಕ ಏರಿಸಿ ನನ್ನ ಕೋಡ್ ಓದಿದರು. ಅಷ್ಟರಲ್ಲಿ ಅವರ ಹೆಂಡತಿ ಗಂಗಕ್ಕ ನಮ್ಮ ಡಬ್ಬಿ ವಾಪಸ್ ತಂದರು. ಒಳಗೆ ಶೇಂಗಾ ಚಟ್ನಿಪುಡಿ. "ಖಾಲಿ ಡಬ್ಬಿ ಹೆಂಗ ಕೊಡೂದವ್ವ?"
ಸರ್ ನಕ್ಕರು. "ನನ್ನ ಕೋಡೂ ಹಂಗ ನೋಡವ್ವ. ನೀ ಕೊಟ್ಟ ಡಬ್ಬಿಯೊಳಗ ಉತ್ತರ ಹಾಕಿ ವಾಪಸ್ ಕೊಡ್ತೈತಿ. ನೀ ಅದನ್ನ ಚಕ್ಕುಲಿ ಅಂತ ತಿಳ್ಕಂಡು ಇನ್ನೊಂದ್ ಮನಿಗೆ ಕೊಟ್ಟಿ."
ಮೊದಲ ಡ್ರೈಯರ್‌ಗೆ ತೇವ 19 ಹಾಕಿ ಕೊಟ್ಟ ಜಾಗದಲ್ಲೇ ಉತ್ತರದ 14 ತಾಸು ಬಂದು ಕೂತಿತ್ತು. ಮುಚ್ಚಳ ತೆಗೆದು ನೋಡದೆ, ಅದನ್ನೇ ಎರಡನೇ ಡ್ರೈಯರ್‌ನ ತೇವ ಅಂತ ಕೊಟ್ಟಿದ್ದೇನೆ. ತೇವ ಬರೀ 14 ಇದ್ದರೆ ನಾಲ್ಕೇ ತಾಸು ಸಾಕು ಅಂತು. ಪಾಪ, ಅದರ ಲೆಕ್ಕ ಸರಿಯೇ. ತಪ್ಪು ಪೂರ್ತಿ ನಂದು. ಆಫೀಸಿನಲ್ಲಿ ಏನಂದಿದ್ದೆ ಅಂತ ಮಾತ್ರ ಹೇಳದೇ ಎದ್ದೆ. ಹೊರಡುವಾಗ ಗಂಗಕ್ಕ ತಮ್ಮದೊಂದು ಸ್ಟೀಲ್ ಡಬ್ಬಿಯಲ್ಲಿ ಉಪ್ಪಿನಕಾಯಿಯನ್ನೂ ಕೊಟ್ಟರು. ಇನ್ನಷ್ಟು ನಾಚಿಕೆ.

ಡಿ. 15, ಭಾನುವಾರ
ಕೋಡ್ ತಿದ್ದಿದೆ. ಕರೆದಾಗಲೆಲ್ಲ ಹೊಸ ಡಬ್ಬಿ. ಎರಡೂ ಡ್ರೈಯರ್ ಪರೀಕ್ಷಿಸಿದೆ — 14, 14. ಮತ್ತೆ ಒಣಗಿಸಿದ ಆ ಚೀಲಗಳಿಂದ ಎರ್ರಣ್ಣ ಕಳಿಸಿದ ನೂರು ಕಾಳು ಒದ್ದೆ ಬಟ್ಟೆಯಲ್ಲಿ ಸುತ್ತಿ ಅಡುಗೆಮನೆ ಮೂಲೆಗೆ ಇಟ್ಟೆ. ಎಂಬತ್ತಾದರೂ ಮೊಳೆಯಬೇಕು, ಇಲ್ಲದಿದ್ದರೆ ಅರವತ್ತು ಚೀಲವೂ ಹೋದಂತೆ. "ಹತ್ತು ಸಲ ಬಿಚ್ಚಿ ನೋಡಬ್ಯಾಡ, ಮೊಳಿಯೂ ಹೆದರ್ತಾವ" — ಅಮ್ಮ.

ಡಿ. 22, ಭಾನುವಾರ, ಬೆಳಿಗ್ಗೆ 7
ತೊಂಬತ್ತೊಂದು!! ಮೂರು ಸಲ ಎಣಿಸಿದೆ. ಅಮ್ಮನೂ ಎಣಿಸಿದಳು. ಎರ್ರಣ್ಣ ಫೋನಿನಲ್ಲಿ, "ಅಬ್ಬಾ, ಬದುಕಿದ್ವಿ ಬಿಡ್ರಿ!" ಎದೆ ಮೇಲಿನ ಬಂಡೆ ಇಳಿದಂತಾಗಿ ಅತ್ತುಬಿಟ್ಟೆ.
ಹಂಪೇಶ್ ಸರ್‌ಗೆ ಸೋಮವಾರವೇ ನಿಜ ಹೇಳಿದ್ದೆ. "ಮೈಲಾರಲಿಂಗಪ್ಪ ಅವ್ರಿಗೂ ಹೇಳವ್ವ" ಅಂದಿದ್ದರು. ಇನ್ನೂ ಹೇಳಿಲ್ಲ.
ಗಂಗಕ್ಕನ ಸ್ಟೀಲ್ ಡಬ್ಬಿ ತೊಳೆದಿಟ್ಟಿದೆ. ಅಮ್ಮ ಶೇಂಗಾ ಉಂಡೆ ತುಂಬೋಣ ಅಂದಳು. ಬೇಡ ಅಂದೆ. ಒದ್ದೆ ಬಟ್ಟೆ ಸಮೇತ ಆ ತೊಂಬತ್ತೊಂದು ಮೊಳಕೆ ಇಟ್ಟೆ. ಕುರುಗೋಡಿಗೆ ಒಂಬತ್ತರ ಬಸ್ಸು. ಅವರು ಮುಚ್ಚಳ ತೆಗೆಯುವ ಮೊದಲೇ ಹೇಳಿಬಿಡಬೇಕು — ಸರ್, ಅವತ್ತು ಆಫೀಸಿನಲ್ಲಿ ನಾನು ನಿಮ್ಮ ಬಗ್ಗೆ...