ಮೂರನೇ ಕಾಲಮಿನ ಮೂವತ್ತೇಳನೇ ಹೆಸರು

ಇಚಲಕರಂಜಿ
೧೯ ನವೆಂಬರ್ ೨೦೨೪

ಅಭಿಜಿತ ಅವರಿಗೆ ಜೈ ಜಿನೇಂದ್ರ.

ಹದಿನಾಲ್ಕು ತಿಂಗಳ ಮೇಲೆ ಹೆಂಡತಿಯಿಂದ ಕಾಗದ ಬಂತೆಂದು ಗಾಬರಿಯಾಗಬೇಡಿ. ಇದು ಕೆಲಸದ ಕಾಗದ. ಫೋನ್ ಮಾಡಿದರೆ ಎರಡನೇ ಮಾತಿಗೇ ನಮ್ಮಿಬ್ಬರ ದನಿ ಏರುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ. ಒಂದು ವೆಬ್ ಪುಟದ ಕಾಲಮ್‌ಗಳು ನನ್ನ ಮಾತು ಕೇಳುತ್ತಿಲ್ಲ. ಎಚ್‌ಟಿಎಂಎಲ್ ಕಲಿಸಿದ ಗುರುಗಳು ನೀವು, ಇನ್ಯಾರನ್ನು ಕೇಳಲಿ?

ಬರುವ ರವಿವಾರ ಗಡಹಿಂಗ್ಲಜದಲ್ಲಿ ನಮ್ಮ ಸಮಾಜದ ವಧು-ವರ ಮೇಳಾವಾ ಇದೆ. ಅದರ ಪುಟ ಮಾಡುವ ಕೆಲಸವನ್ನು ಕಮಿಟಿಯ ಸೆಕ್ರೆಟರಿ ಭೂಪಾಲಕಾಕಾ ನನಗೆ ಕೊಟ್ಟಿದ್ದಾರೆ. ಮೂರು ಕಾಲಮ್: ವರ, ವಧು, ಮೂರನೆಯದು ಮರುಮದುವೆಯವರದು. ಇನ್ನೂರಕ್ಕೂ ಹೆಚ್ಚು ಬಯೋಡೇಟಾ ಬಂದಿವೆ. ಕಾಕಾ ಕಂತುಕಂತಾಗಿ ಫೈಲು ಕಳಿಸುತ್ತಾರೆ, ನಾನು ಓದುವ ಗೋಜಿಗೆ ಹೋಗದೆ ಹಾಗೇ ಸುರಿಯುತ್ತೇನೆ. ಶನಿವಾರದವರೆಗೆ ಪುಟ ಚೆನ್ನಾಗಿಯೇ ಇತ್ತು. ಕೊನೆಯ ಕಂತು ಹಾಕಿದ್ದೇ ತಡ, ಮೂರನೇ ಕಾಲಮ್ ಊದಿಕೊಂಡು ವಧುಗಳನ್ನೂ ವರರನ್ನೂ ಎಡಗಡೆಯ ಅಂಚಿಗೆ ಒತ್ತಿಬಿಟ್ಟಿತು. ಕಾಕಾ ಫೋನ್ ಮಾಡಿ, “ಮೃಣಾಲ, ಇದೇನ ಆತವಾ? ಹುಡುಗರು ಹುಡುಗ್ಯಾರು ಎಲ್ಲಾ ಹಿಚುಕಿ ಹೋಗ್ಯಾರ. ಮರುಮದುವಿಯವ್ರಷ್ಟ ದೊಡ್ಡದಾಗಿ ಕಾಣಾಕತ್ತಾರ. ಮಂದಿ ನೋಡಿದ್ರ, ಇವರೊಳಗ ಸಂಸಾರ ಮಾಡಾವ್ರ ಯಾರೂ ಉಳದಿಲ್ಲೇನು ಅಂದಾರು” ಎಂದರು. ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಅಗಲವನ್ನು ಮೂರಕ್ಕೂ ಸಮನಾಗಿ ಹಂಚಿದ್ದೆ. ಹೆಸರುಗಳ ಸುತ್ತಲಿನ ಖಾಲಿ ಜಾಗ, ಆ ಪ್ಯಾಡಿಂಗ್, ಕಡಿಮೆ ಮಾಡಿ ನೋಡಿದೆ. ಕೋಡಿನಲ್ಲಿ ಮುಚ್ಚದೆ ಬಿಟ್ಟ ಡಿವ್ ಟ್ಯಾಗು ಎಲ್ಲಾದರೂ ಇದೆಯೇನೋ ಎಂದು ಒಂದೊಂದೇ ಸಾಲು ಓದಿದೆ. ನೀವು ಹೇಳಿಕೊಟ್ಟ ಹಾಗೆ ಪ್ರತಿ ಡಬ್ಬಿಗೂ ಕೆಂಪು ಗೆರೆ ಹಾಕಿದೆ. ಪುಟವೆಲ್ಲ ಕೆಂಪಾಯಿತೇ ಹೊರತು ತಲೆಬುಡ ತಿಳಿಯಲಿಲ್ಲ.

ಆಗ ನಿಮ್ಮ ಹಳೆಯ ಮಾತೊಂದು ನೆನಪಾಯಿತು. ಚಪ್ಪಲಿ ಅಂಗಡಿಯವರಿಗೆ ನಾನು ಮಾಡಿದ ಪುಟವನ್ನು ನೀವು ಶಿರೋಳಿಯ ಫೌಂಡ್ರಿಯಿಂದ ಕೆಲಸ ಮುಗಿಸಿ ಬಂದವರೇ, ನನಗೊಂದು ಮಾತೂ ಕೇಳದೆ ಪೂರ್ತಿ ಬದಲಿಸಿದಿರಿ. ಮರುದಿನ ಅವರ ಎದುರಿಗೇ “ಆಕಿ ಇನ್ನಾ ಕಲ್ಯಾಕತ್ತಾಳ್ರಿ” ಎಂದಿರಿ. ಪುಟ ನೀವು ಮಾಡಿದ ಮೇಲೆ ಚೆನ್ನಾಯಿತು, ಅದನ್ನು ಇವತ್ತು ಒಪ್ಪುತ್ತೇನೆ. ಆದರೆ ಆ ಮಾತನ್ನು ಒಪ್ಪುವುದಿಲ್ಲ. ಅದಕ್ಕೇ ನಾಲ್ಕು ದಿನಕ್ಕೆಂದು ತವರಿಗೆ ಬಂದೆ. ನೀವು ಕರೆಯಲು ಬರಲಿಲ್ಲ. ಅಪ್ಪನದು ಇವತ್ತಿಗೂ ಒಂದೇ ಮಾತು: “ಕರಿಯಾಕ ಬರಲಿ, ಬಾಗಲಾ ತೆರದೈತಿ. ಕರೀಲಾರದ ನಾವ ಕಳಸೂದಿಲ್ಲ.”

ಇರಲಿ. ಕೆಲಸದ ವಿಷಯ. ಮೂರನೇ ಕಾಲಮಿನ ಅರ್ಧ ಹೆಸರು ತೆಗೆದು ನೋಡಿದೆ, ಪುಟ ಸರಿಹೋಯಿತು. ತೆಗೆದದ್ದರಲ್ಲಿ ಅರ್ಧ ವಾಪಸ್ ಹಾಕಿದೆ, ಕೆಟ್ಟಿತು. ಹೀಗೆ ಹಾಕುತ್ತ ತೆಗೆಯುತ್ತ ಕೊನೆಗೆ ಒಂದೇ ಒಂದು ಉಳಿಯಿತು, ಮೂವತ್ತೇಳನೆಯದು. ಹುಡುಕುವ ಬಳ್ಳಿ ಕಾಲಿಗೆ ತೊಡರಿತು ಅನ್ನುತ್ತಾರಲ್ಲ, ಹಾಗೆ. ಹೆಸರು ಅಭಿಜಿತ. ಡಿಪ್ಲೊಮಾ ಮೆಕ್ಯಾನಿಕಲ್. ಸಂಪರ್ಕಕ್ಕೆ ತಾಯಿ ಜಿನಮತಿ.

ಇನ್ನೊಮ್ಮೆ ಓದಿದೆ, ನೀವೇ. ಆ ಕಾಲಮಿನಲ್ಲಿ ಗಂಡನೋ ಹೆಂಡತಿಯೋ ತೀರಿಕೊಂಡವರಿದ್ದಾರೆ, ಕೋರ್ಟಿನಲ್ಲಿ ಬಿಡಿಸಿಕೊಂಡವರಿದ್ದಾರೆ. ನಾವು ವಕೀಲರ ಮೆಟ್ಟಿಲು ಹತ್ತಿಲ್ಲ, ಇಬ್ಬರೂ ಜೀವಂತ ಇದ್ದೇವೆ. ಮತ್ತೆ ನೀವು ಅಲ್ಲಿಗೆ ಯಾವ ಲೆಕ್ಕದಲ್ಲಿ ಬಂದಿರಿ?

ಕಾಲಮ್ ಊದಲು ಕಾರಣ ನಿಮ್ಮ ಪಾಹುಣ್ಯಾರ ಯಾದಿ. ನಮ್ಮವರಿಗೆ ಬಂಧುಗಳ ಪಟ್ಟಿ ಉದ್ದವಿದ್ದಷ್ಟು ಸಂಬಂಧ ದೊಡ್ಡದು. ಆದರೆ ನಡುವೆ ಚೂರೂ ಜಾಗ ಬಿಡದೆ ‘ಪಾಟೀಲ(ಸುಳಕೂಡ),ಮಗದುಮ(ಶಿರೋಳಿ),’ ಎಂದು ಇಪ್ಪತ್ತು ಮನೆತನ ಒಂದೇ ಉಸಿರಿಗೆ ಹೊಡೆದರೆ, ಬ್ರೌಸರ್ ಪಾಪ ಅದನ್ನು ಒಂದೇ ಪದವೆಂದು ತಿಳಿಯುತ್ತದೆ. ಮುರಿಯಲು ಸಂದು ಸಿಗದೆ ಕಾಲಮನ್ನೇ ಹಿಗ್ಗಿಸುತ್ತದೆ. ನಾನು ಪುಟವನ್ನು ಬಲಕ್ಕೆ ಎಳೆದೆಳೆದು ಓದಿದೆ. ಕೊನೆಯ ಮನೆತನ ‘ಚೌಗುಲೆ(ಇಚಲಕರಂಜಿ)’.

ಇಚಲಕರಂಜಿಯಲ್ಲಿ ನಿಮಗಿರುವ ಚೌಗುಲೆ ಪಾಹುಣ್ಯಾರು ನಾವೊಬ್ಬರೇ. ಬೇರೆ ಹೆಣ್ಣು ಹುಡುಕುವ ಗಂಡು, ಇರುವ ಹೆಂಡತಿಯ ತವರನ್ನು ಬಂಧುಗಳ ಯಾದಿಯಲ್ಲಿ ತೋರಿಸುವುದುಂಟೇ? ಹಳೆಯ ಬಯೋಡೇಟಾವನ್ನೇ ಕಳಿಸಿರಬಹುದು ಎಂದು ಮೊದಲು ಸಮಾಧಾನ ಮಾಡಿಕೊಂಡೆ. ಆರು ವರ್ಷದ ಹಿಂದೆ ನನ್ನನ್ನು ನೋಡಲು ಬಂದಾಗ ಕೊಟ್ಟದ್ದು ನನ್ನ ಟ್ರಂಕಿನಲ್ಲಿದೆ, ತೆಗೆದು ನೋಡಿದೆ. ಅದರಲ್ಲಿ ನಮ್ಮ ಮನೆತನವಿಲ್ಲ. ಇರುವುದಾದರೂ ಹೇಗೆ, ಆಗಿನ್ನೂ ನಾವು ಬಂಧುಗಳಾಗಿರಲಿಲ್ಲ. ಅಂದರೆ ಯಾರೋ ಈಗ ಕೂತು ಸೇರಿಸಿದ್ದಾರೆ. ಅತ್ತೆಗೆ ಫೋನಿನಲ್ಲಿ ಮಾತಾಡಿ ವಾಯ್ಸ್ ಮೆಸೇಜ್ ಕಳಿಸುವುದು ಬಿಟ್ಟರೆ ಟೈಪ್ ಮಾಡಲು ಬರುವುದಿಲ್ಲ. ಪುಟ ಮಾಡುವವಳು ನಾನು ಎಂದು ನಿಮಗೆ ಗೊತ್ತಿತ್ತೇ? ಗೊತ್ತಿದ್ದೂ ಹಾಕಿದಿರೇ? ನನ್ನನ್ನು ಬಿಟ್ಟಿರೆಂದು ತಿಳಿಯಲೋ, ಬಿಟ್ಟಿಲ್ಲವೆಂದು ತಿಳಿಯಲೋ? ಮೂರು ದಿನದಿಂದ ಒಂದೂ ಬಗೆಹರಿಯುತ್ತಿಲ್ಲ. ಅಪ್ಪನಿಗೆ ಹೇಳಿಲ್ಲ.

ಈ ಉದ್ದನೆಯ ಸರಪಳಿಯನ್ನು ಹೇಗೆ ಮುರಿಯುವುದು ತಿಳಿಸಿ. ಪುಟ ರವಿವಾರ ಬೆಳಿಗ್ಗೆ ಎಲ್ಲರ ಫೋನಿಗೆ ಹೋಗುತ್ತದೆ.

ಇನ್ನೂ ಕಲಿಯುತ್ತಿರುವ,
ಮೃಣಾಲ

ತಾ.ಕ.: ಸರಪಳಿ ಮುರಿಯುವುದು ನನಗೆ ಬರುತ್ತದೆ. ಸಿಎಸ್ಎಸ್‌ನಲ್ಲಿ ಒಂದೇ ಸಾಲಿನ ಕೆಲಸ, ನಿನ್ನೆಯೇ ಹಾಕಿದೆ. ಮೂರು ಕಾಲಮೂ ನೆಟ್ಟಗೆ ನಿಂತಿವೆ, ಕಾಕಾ ಖುಷಿಯಾಗಿದ್ದಾರೆ. ನಿಮ್ಮ ಹೆಸರನ್ನು ಅಳಿಸಿಲ್ಲ, ಪುಟದಲ್ಲಿ ಕಾಣದ ಹಾಗೆ ಅಡಗಿಸಿದ್ದೇನೆ. ಕಾಣಿಸಬೇಕೆಂದರೆ ಕಾಕಾನಿಗೆ ಫೋನ್ ಮಾಡಿದರೆ ಸಾಕು. ಅಳಿಸಬೇಕೆಂದರೆ ಶನಿವಾರದೊಳಗೆ ನೀವೇ ಇಲ್ಲಿಗೆ ಬರಬೇಕು. ಇನ್ನೊಂದು ಮಾತು. ಅದೇ ಕಾಲಮಿನಲ್ಲಿ ಇಪ್ಪತ್ತೊಂದನೇ ಹೆಸರು ನನ್ನದು, ನಿಮ್ಮದಕ್ಕಿಂತ ಹತ್ತು ದಿನ ಮೊದಲು ನಾನೇ ಸಿಟ್ಟಿನಲ್ಲಿ ಟೈಪ್ ಮಾಡಿ ಹಾಕಿದ್ದು. ನನ್ನ ಪಾಹುಣ್ಯಾರ ಯಾದಿಯಲ್ಲಿ ನಿಮ್ಮ ಮನೆತನ ಬರೆದಿರಲಿಲ್ಲ. ಈಗ ಅದನ್ನು ಸೇರಿಸಿ, ಎರಡೂ ಹೆಸರನ್ನು ಅಡಗಿಸಿಟ್ಟಿದ್ದೇನೆ.