ಸೋತವರ ಚಪ್ಪಾಳೆ

ಬುಧವಾರ, ಮಧ್ಯಾಹ್ನ

ಮೂರುಬಾಲ ಅವರೇ, ನಮಸ್ಕಾರ.

ಹೀಗೆ ಕರೆಯುತ್ತಿರುವುದಕ್ಕೆ ತಪ್ಪು ತಿಳಿಯಬೇಡಿ. ನನ್ನ ತಮ್ಮ ನಿಮ್ಮನ್ನು ಬೇರೆ ಯಾವ ಹೆಸರಿನಿಂದಲೂ ಕರೆದದ್ದನ್ನು ನಾನು ಕೇಳಿಲ್ಲ. ಒಂಬತ್ತು ವರ್ಷದ ಹಿಂದೆ ನಿಮ್ಮೂರಿನ ಚಿತ್ರಮಂದಿರದ ಸಾಲಿನಲ್ಲಿ ಅವನ ಮುಂದೆ ನಿಂತಿದ್ದ ನೀವು, ಸಮುದ್ರದಿಂದ ಎದ್ದು ಬರುವ ಆ ದೈತ್ಯ ಮೃಗಕ್ಕೆ ಮೂರು ಬಾಲ ಎಂದು ಪಟ್ಟು ಹಿಡಿದಿದ್ದಿರಂತೆ. ಒಳಗೆ ಹೋಗಿ ನೋಡಿದರೆ ಇದ್ದದ್ದು ಒಂದೇ. ಅಂದಿನಿಂದ ನೀವು ಮೂರುಬಾಲ. ಲಿಫ್ಟ್ ರಿಪೇರಿಯ ಅವನು ನಿಮಗೆ ಲಿಫ್ಟ್‌ರಾಯ.

ನಾನು ಅವನ ಅಕ್ಕ. ಕಾಲೇಜಿನ ಗ್ರಂಥಾಲಯದಲ್ಲಿ ಕೆಲಸ. ನಿಮ್ಮ ಕಾಗದ ನಿನ್ನೆ ಬಂತು. ಶುಕ್ರವಾರದ ಮೊದಲ ಆಟಕ್ಕೆ ಎರಡು ಸೀಟು ಹಿಡಿದಿದ್ದೀರಿ, ಕಂಬದ ಪಕ್ಕದ್ದೇ. ಲಕೋಟೆ ಮರೆತು ಬಂದರೆ ಹೊರಗೇ ನಿಲ್ಲಿಸುತ್ತೇನೆ ಎಂದೂ ಬರೆದಿದ್ದೀರಿ. ಹಾಗಾಗಿ ಇನ್ನು ತಡಮಾಡುವಂತಿಲ್ಲ. ನನ್ನ ತಮ್ಮ ಈಗಿಲ್ಲ. ಅವನು ಹೋಗಿ ಮೂರು ತಿಂಗಳಾಯಿತು.

ಇಷ್ಟನ್ನು ಬರೆಯಲು ನಾಲ್ಕು ಹಾಳೆ ಹರಿದೆ. ಪದ್ಯ ಓದಿ ಓದಿ, ಒಂದು ಮಾತನ್ನು ಹತ್ತು ಸುತ್ತು ಸುತ್ತಿ ಹೇಳುವುದನ್ನು ಕಲಿತವಳು ನಾನು. ಇದೊಂದು ಮಾತು ಎತ್ತ ಸುತ್ತಿದರೂ ಅಲ್ಲಿಗೇ ಬಂದು ನಿಂತಿತು.

ಹಾಗಾದರೆ ಆಮೇಲೆ ಬಂದ ಎರಡು ಕಾಗದ ಯಾರು ಬರೆದದ್ದು ಎಂದು ನೀವು ಕೇಳುತ್ತೀರಿ. ನಾನೇ ಬರೆದದ್ದು. ಅವನ ಕೈ ಹಿಡಿದು ಅಕ್ಷರ ತಿದ್ದಿಸಿದವಳು ನಾನಾದ್ದರಿಂದ ನಮ್ಮಿಬ್ಬರ ಬರವಣಿಗೆ ಒಂದೇ ಥರ. ಅವನ ಸ್ಪ್ಯಾನರ್ ಡಬ್ಬಿಯ ತಳದಲ್ಲಿ ನಿಮ್ಮ ಒಂಬತ್ತು ವರ್ಷದ ಕಾಗದಗಳಿದ್ದವು. ಎಲ್ಲಕ್ಕೂ ಗ್ರೀಸಿನ ವಾಸನೆ. ಅವನು ಹೋದ ಮೇಲೆ ಮೊದಲ ಸಲ ನಕ್ಕದ್ದು ಅವನ್ನು ಓದುತ್ತ. ಪ್ರತಿ ಭಾಗದಲ್ಲೂ ಮೃಗದ ಜೊತೆ ಕಾದಾಡುವ ಆ ನೀಲಿ ಹೊದಿಕೆಯ ಹಾರುವ ವೀರನ ಬಗ್ಗೆ ನೀವು ಬರೆದದ್ದಿತ್ತಲ್ಲ, ಅಷ್ಟು ವೇಗಕ್ಕೆ ಕತ್ತಿನ ಹತ್ತಿರ ಒಂದೇ ಗುಂಡಿ ಹಾಕಿದ ದರ್ಜಿ ಯಾವನಯ್ಯಾ, ನಮ್ಮ ಅಂಗಡಿಗೆ ಬಂದರೆ ಕಾಜಾ ಹೊಲಿಯುವುದಕ್ಕೂ ಕೂರಿಸುವುದಿಲ್ಲ ಅಂತ! ಅದಕ್ಕೆ ನನ್ನ ತಮ್ಮ ಕೊಟ್ಟ ಉತ್ತರ ನನಗೆ ಗೊತ್ತು, ಊಟಕ್ಕೆ ಕೂತಾಗ ನನಗೂ ಓದಿ ಹೇಳಿದ್ದ. ಗುಂಡಿ ಹಾಳಾಗಿ ಹೋಗಲಿ ಮಾರಾಯ, ಅಷ್ಟು ದೊಡ್ಡ ಮೃಗ ಬರ್ತಿದೆ ಅಂತ ಊರೆಲ್ಲ ಓಡ್ತಾರೆ, ಲಿಫ್ಟನ್ನ ಕೆಳಗಿಳಿಸಿ ಬಾಗಿಲು ತೆಗೆದಿಡೋ ಬುದ್ಧಿ ಒಬ್ಬನಿಗೂ ಇಲ್ವಲ್ಲ ಅಂತ. ಆಗ ನಾನು ನಗಲಿಲ್ಲ. ನಲವತ್ತು ದಾಟಿದ ಗಂಡಸು ಇದನ್ನೆಲ್ಲ ಕಾಗದದಲ್ಲಿ ಬರೆಯುತ್ತಾನಲ್ಲ ಎಂದು ಸಾರು ಬಡಿಸಿ ಎದ್ದುಹೋಗಿದ್ದೆ.

ಅವನು ಹೋದ ಹದಿನೈದನೆಯ ದಿನ ನಿಮ್ಮ ಕಾಗದ ಬಂತು. ಸಿನಿಮಾ ಮತ್ತೆ ಮುಂದಕ್ಕೆ ಹೋಯಿತು, ಗ್ರಾಫಿಕ್ಸ್‌ನಲ್ಲಿ ಮೃಗದ ರೆಕ್ಕೆ ಇನ್ನೂ ಸರಿಬಂದಿಲ್ಲವಂತೆ ಎಂದು ನೀವು ಮೂರು ಪುಟ ಬೈದಿದ್ದಿರಿ. ಲಕೋಟೆಯ ಮೇಲೆ ಅವನ ವಿಳಾಸ. ಅವನ ಹೆಸರಿಗೆ ಇನ್ನೂ ಏನೋ ಬರುತ್ತಿದೆ ಎನ್ನುವುದೇ ನನಗೆ ಸಾಕಾಯಿತು. ಉತ್ತರ ಬರೆದರೆ ಇನ್ನೊಂದು ಬರುತ್ತದೆ. ಆ ಆಸೆಗೇ ಬರೆದೆ. ಎರಡನೆಯದರಲ್ಲಿ ಸಿಕ್ಕಿಬಿದ್ದೆ ಎಂದು ಈಗ ಅನಿಸುತ್ತದೆ. ಈ ಸಲವೂ ನೀಲಿ ಹೊದಿಕೆಯವನು ಗೆದ್ದು ಊರನ್ನು ಉಳಿಸಲಿ ಎಂದು ಬರೆದಿದ್ದೆ. ಎಲ್ಲರೂ ಬಯಸುವುದು ಅದನ್ನೇ ಅಲ್ಲವೇ ಎಂದುಕೊಂಡಿದ್ದೆ. ಅದಕ್ಕೆ ನೀವು, ಏನಯ್ಯಾ, ಜ್ವರವಾ? ಒಂಬತ್ತು ವರ್ಷದಲ್ಲಿ ನೀನು ಒಂದು ದಿನಾನೂ ಊರಿನ ಕಡೆ ನಿಂತಿದ್ದು ನಾ ಕಾಣೆ ಎಂದು ಬರೆದಿರಿ. ಹಳೆಯ ಕಾಗದಗಳನ್ನು ಮತ್ತೆ ಹರವಿಕೊಂಡು ಕೂತೆ. ನಿಮ್ಮ ಕಾಗದಗಳಿಂದಲೇ ನನಗೆ ತಿಳಿದದ್ದು, ನನ್ನ ತಮ್ಮ ಯಾವಾಗಲೂ ಮೃಗದ ಪರ. ಅದು ಊರು ಮುರಿಯಲು ಬರುವುದಿಲ್ಲ, ಅದು ನಡೆಯುವ ದಾರಿಯಲ್ಲಿ ಇವರು ಊರು ಕಟ್ಟಿದ್ದಾರೆ ಎಂಬುದು ಅವನ ವಾದ. ಒಂದೇ ಮನೆಯಲ್ಲಿದ್ದ ನನಗೆ ಗೊತ್ತಿರದದ್ದು ದೂರದ ಊರಿನ ದರ್ಜಿಗೆ ಗೊತ್ತಿತ್ತು.

ಹೊಟ್ಟೆನೋವೆಂದು ಆಸ್ಪತ್ರೆಗೆ ಸೇರಿದವನು ಮನೆಗೆ ಬರಲಿಲ್ಲ. ನಿಮಗೆ ತಿಳಿಸಲು ಸಮಯವಿರಲಿಲ್ಲ ಎಂದು ಬರೆಯುವವಳಿದ್ದೆ. ಹನ್ನೊಂದು ದಿನ ಸಮಯವಿತ್ತು.

ಮೂರನೆಯ ದಿನ ಅವನ ಕಂಪನಿಯ ಸೂಪರ್‌ವೈಸರ್ ನೋಡಲು ಬಂದಿದ್ದರು. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಹಣ್ಣಿನ ಚೀಲ. ಅವರ ಎದುರಿಗೇ ಇವನು, ಅಕ್ಕಾ, ಮೂರುಬಾಲಕ್ಕೆ ಒಂದು ಕಾರ್ಡು ಹಾಕೇ, ಲಿಫ್ಟು ನಡುಮಹಡೀಲಿ ನಿಂತುಬಿಟ್ಟಿದೆ, ಬಂದು ನೋಡ್ಕೊಂಡು ಹೋಗು ಅಂತ ಬರಿ ಅಂದ. ಮೂರುಬಾಲ ಅಂದ್ರೆ ಯಾರಮ್ಮ ಎಂದು ಅವರು ನನ್ನನ್ನು ಕೇಳಿದರು. ನನಗೆ ನಾಚಿಕೆಯಾಯಿತು. ಏನಿಲ್ಲ ಸಾರ್, ಔಷಧಿ ಮಂಪರು, ಏನೇನೋ ಬಡಬಡಿಸ್ತಾನೆ ಅಂದುಬಿಟ್ಟೆ. ಅವನು ನನ್ನ ಮುಖ ನೋಡಿದ. ಆಮೇಲೆ ಗೋಡೆಯ ಕಡೆ ತಿರುಗಿಕೊಂಡ. ಮತ್ತೆ ನಿಮ್ಮ ಹೆಸರೆತ್ತಲಿಲ್ಲ. ಎತ್ತಿದ್ದರೆ ಬರೆಯುತ್ತಿದ್ದೆನೇನೋ. ಅವನು ಎತ್ತಲಿಲ್ಲ ಎಂಬುದನ್ನೇ ನೆಪ ಮಾಡಿಕೊಂಡೆ. ಫೋನಿನಲ್ಲಿ ಮಾತಾಡಿದರೆ ಸಿನಿಮಾದ ಕಥೆ ಬಾಯಿ ತಪ್ಪಿ ಹೊರಬೀಳುತ್ತದೆಂದು ನೀವಿಬ್ಬರೂ ನಂಬರನ್ನೇ ಕೊಟ್ಟುಕೊಂಡಿರಲಿಲ್ಲ. ಇದ್ದ ದಾರಿ ಆ ಒಂದು ಕಾರ್ಡು. ನಮ್ಮ ಗ್ರಂಥಾಲಯದ ನನ್ನ ಮೇಜಿನ ಖಾನೆಯಲ್ಲಿ ಕಟ್ಟುಗಟ್ಟಲೆ ಅಂಚೆ ಕಾರ್ಡುಗಳಿವೆ.

ನಿಮ್ಮ ಸ್ನೇಹಿತನನ್ನು ಕೊನೆಯ ಬಾರಿ ನೋಡುವುದನ್ನು ನಾನು ತಪ್ಪಿಸಿದೆ. ಆಮೇಲೆ ಅವನು ಇದ್ದಾನೆಂದು ಮೂರು ತಿಂಗಳು ನಂಬಿಸಿದೆ. ಇವೆರಡರಲ್ಲಿ ಯಾವುದು ದೊಡ್ಡದು ಎಂದು ನನಗೆ ತಿಳಿಯದು. ನಿಮಗೆ ತಿಳಿದೀತು.

ನಿಮ್ಮ ಆಟ ನನಗೆ ಈಗ ಗೊತ್ತು. ಸಿನಿಮಾ ಬರುವ ಮೊದಲು ಇಬ್ಬರೂ ಅದರ ಕೊನೆ ಏನಾಗುತ್ತದೆಂದು ಊಹಿಸಿ ಬರೆದು ಲಕೋಟೆ ಅಂಟಿಸುವುದು, ಮುಗಿದ ಮೇಲೆ ಅಲ್ಲೇ ಕೂತು ಒಡೆಯುವುದು. ಊಹೆ ತಪ್ಪಿದವನು ಎದ್ದು ನಿಂತು, ಎಲ್ಲರೂ ತಿರುಗಿ ನೋಡುವ ಹಾಗೆ ನೀಲಿ ಹೊದಿಕೆಯವನಿಗೆ ಚಪ್ಪಾಳೆ ತಟ್ಟುವುದು. ನನ್ನ ತಮ್ಮ ಆರು ಸಲ ತಟ್ಟಿದ್ದಾನೆ ಎಂದು ನಿಮ್ಮ ಕಾಗದದಲ್ಲಿತ್ತು. ಆರು ಸಲವೂ ಮೃಗ ಬದುಕುತ್ತದೆ ಎಂದೇ ಬರೆದಿದ್ದನಂತೆ.

ಈ ಸಲದ ಅವನ ಲಕೋಟೆ ಇದರ ಜೊತೆಗಿದೆ. ಆಸ್ಪತ್ರೆಯಲ್ಲಿ ಒಂಬತ್ತನೆಯ ದಿನ ಬರೆದು ಅಂಟಿಸಿದ್ದು. ಅದು ನಿಮಗೇ ಸೇರಬೇಕಾದದ್ದು. ಅಂಚೆ ಶುಕ್ರವಾರಕ್ಕೆ ಮುಟ್ಟದೆಂದು ಕೊರಿಯರ್‌ನಲ್ಲಿ ಕಳಿಸುತ್ತಿದ್ದೇನೆ. ನಾಳೆ ನೀವು ಅಂಗಡಿ ಮುಚ್ಚುವುದರೊಳಗೆ ಕೊಡುತ್ತಾರಂತೆ.

ನೀವು ಬೈದು ಬರೆದರೂ ಸರಿಯೇ. ಈ ಸಲ ನನ್ನ ವಿಳಾಸಕ್ಕೆ ಬರೆಯಿರಿ. ಮನೆ ಅದೇ.

ಇತಿ,
ಲಿಫ್ಟ್‌ರಾಯನ ಅಕ್ಕ

ತಾ.ಕ.: ಕೊರಿಯರ್‌ನವನು ಕೆಳಗೆ ಗಂಟೆ ಒತ್ತುತ್ತಿದ್ದಾನೆ. ಐದು ನಿಮಿಷ ನಿಲ್ಲಪ್ಪ ಎಂದು ಕಿಟಕಿಯಿಂದ ಹೇಳಿ ಇದನ್ನು ಬರೆಯುತ್ತಿದ್ದೇನೆ. ಲಕೋಟೆಯಲ್ಲಿ ಏನೂ ಇಲ್ಲ. ಒಂಬತ್ತನೆಯ ದಿನ ಅವನಿಗೆ ಪೆನ್ನು ಹಿಡಿಯಲು ಆಗುತ್ತಿರಲಿಲ್ಲ. ನಾನು ಹೇಳ್ತೀನಿ, ನೀನು ಬರ್ಕೊ ಅಕ್ಕಾ, ಎರಡೇ ಸಾಲು ಅಂದ. ಸುಮ್ನೆ ಮಲಗೋ, ಮನೆಗೆ ಬಂದು ನೀನೇ ಬರೀವಂತೆ ಅಂದೆ. ಅವನು ಹಟ ಹಿಡಿದದ್ದಕ್ಕೆ ಖಾಲಿ ಹಾಳೆ ಮಡಿಸಿ ಅಂಟಿಸಿ, ಬರೆದೆ ಕಣೋ ಎಂದು ದಿಂಬಿನ ಕೆಳಗಿಟ್ಟೆ. ಎರಡು ದಿನ ಅದರ ಮೇಲೆ ತಲೆಯಿಟ್ಟು ಮಲಗಿದ್ದ. ಏಳನೆಯ ಸಲವೂ ಮೃಗ ಬದುಕುತ್ತದೆ ಎಂದೇ ಹೇಳುವವನಿದ್ದನೇ, ಅಥವಾ ಆಸ್ಪತ್ರೆ ಸೇರಿದ ಮೇಲೆ ಮನಸ್ಸು ಬದಲಾಗಿತ್ತೇ? ಎರಡೇ ಸಾಲು. ನಾನು ಕೇಳಿಸಿಕೊಳ್ಳಲಿಲ್ಲ. ನೀವು ಅವನನ್ನು ಬಲ್ಲವರು, ಸಿನಿಮಾ ನೋಡಿದ ಮೇಲೆ ಹೇಳಿ.

ಖಾಲಿ ಹಾಳೆ ಎಂದರೆ ಸೋತಂತೆಯೇ ಇರಬೇಕು. ಕಂಬದ ಪಕ್ಕದ ಆ ಎರಡನೆಯ ಸೀಟನ್ನು ಯಾರಿಗೂ ಕೊಡದಿದ್ದರೆ, ಶುಕ್ರವಾರ ನಾನು ಬರುತ್ತೇನೆ. ಎದ್ದು ನಿಂತು ಚಪ್ಪಾಳೆ ತಟ್ಟಬೇಕಾದವಳು ನಾನು.