ಬಿಳಿಕಣ ಏರ್ಯಾವಂತ

೩ ಮಾರ್ಚ್, ಮುಂಜಾನೆ
ಒಣದ್ರಾಕ್ಷಿ ಶೆಡ್ಡಿಗೆ ಇವತ್ತೂ ಹೋಗಲಿಲ್ಲ. ಜ್ವರ. ಉಗುಳು ನುಂಗಾಕೂ ಆಗವಲ್ದು. ಥೈರಾಯ್ಡ್ ಗುಳಿಗಿ ಮಾತ್ರ ತಪ್ಪಿಸಿಲ್ಲ. ಇವರು ಮೆಡಿಕಲ್‌ನಿಂದ ಜ್ವರದ ಗುಳಿಗಿ ತಂದುಕೊಟ್ಟು ಕೆಲಸಕ್ಕ ಹ್ವಾದ್ರು.

ಸಂಜಿಮುಂದ
ನೆಗೆಣ್ಣಿ, ಭಾವನ ಹೆಂಡ್ತಿ ಅನುರಾಧಕ್ಕ ಬಂದಿದ್ಲು! ಅಣ್ಣತಮ್ಮರು ಹೋದ ತಿಂಗಳ ಬ್ಯಾರೆ ಆದಾಗಿಂದ ನಮ್ಮಿಬ್ಬರಿಗೂ ಮಾತಿಲ್ಲ. ಹೊಸ್ತಿಲದಾಗ ನಿಂತ್ಲು.
"ಗಂಟಲಾ ಬ್ಯಾನಿ ಅಂತ, ಹೌದೇನ? ಥೈರಾಯ್ಡ್ ಗುಳಿಗಿ ಬರಕೊಟ್ಟಾಗ ಡಾಕ್ಟರ್ ಏನ್ ಹೇಳಿದ್ರು, ಮರತಿಯೇನ? ಜ್ವರ, ಗಂಟಲಾ ಬ್ಯಾನಿ ಬಂದ್ರ ಗುಳಿಗಿ ಬಿಟ್ಟು ರಕ್ತ ತಪಾಸ ಮಾಡಸ್ರಿ ಅಂದಿದ್ರು. ನಾನೂ ನಿನ್ನ ಬಾಜೂಕ ಕುಂತಿದ್ನಿ."
ಖರೇನ ಮರತಿದ್ನಿ. "ನಾಳೆ ಹೋಗ್ತೇನಿ" ಅಂದ್ನಿ.
"ನಾಳಿಲ್ಲ. ಈಗ ಏಳ." ರಿಕ್ಷಾ ಆಗಲೇ ನಿಂದ್ರಿಸಿದ್ಲು.

೪ ಮಾರ್ಚ್, ವಿಜಯಪುರ, ದವಾಖಾನಿ
ಸಾವಿರಗಟ್ಲೆ ಇರಬೇಕಾದ ಬಿಳಿಕಣ ಏಳ್ನೂರಕ್ಕ ಇಳದಾವ. ಡಾಕ್ಟರಬಾಯಿ ನನ್ನ ಬಾಯಾಗ ಬ್ಯಾಟರಿ ಹಾಕಿ ನೋಡಿದ್ರು. "ಹುಣ್ಣು ಆಗ್ಯಾವ, ಆದ್ರ ಕೀವಿಲ್ಲ ನೋಡ್ರಿ. ರೋಗದ ಜೋಡಿ ಬಡಿದಾಡಿ ಬಿಳಿಕಣ ಸತ್ರನ ಕೀವು ಆಗೂದು. ನಿಮ್ಮಲ್ಲಿ ಬಡಿದಾಡವರ ಇಲ್ಲ."
ಎಲಬಿನೊಳಗ ಕಣ ಹುಟ್ಟೂದನ್ನ ಥೈರಾಯ್ಡ್ ಗುಳಿಗಿ ನಿಲ್ಲಿಸೇತಂತ. ಅಪರೂಪಕ್ಕ ಒಬ್ಬರಿಗೆ ಹಂಗ ಆಗತೈತಂತ. ಇನ್ನೆರಡು ದಿನ ತಡಾ ಮಾಡಿದ್ರ ಜೀವಕ್ಕ ಕುತ್ತು ಇತ್ತಂತ.
ಕೀವಿಲ್ಲಂತ ಅತ್ತಾಕಿ ನಾನೊಬ್ಬಾಕೀನ ಇರಬೇಕು.

೭ ಮಾರ್ಚ್
ಬ್ಯಾರೆ ಖೋಲಿ. ದಿನಾ ಇಂಜೆಕ್ಷನ್. ಮಾಸ್ಕ್ ಇಲ್ಲದ ಯಾರೂ ಒಳಗ ಬರಂಗಿಲ್ಲ, ಹಸೀದು ಏನೂ ತಿನ್ನಂಗಿಲ್ಲ. ಅಕ್ಕ ಇಲ್ಲೇ ತನ್ನ ತಂಗಿ ಮನಿಯಾಗ ಉಳದು ಬಿಸಿ ಗಂಜಿ ತರತಾಳ. ಇವರು ಬಂದ ಕೂಡ್ಲೇ ಅಕ್ಕ ತಡದ್ಲು — "ಕೈ ತೊಕ್ಕೊಂಡ್ಯೇನಪಾ?" ಇವರು ತಿರುಗಿ ನಳದ ಕಡೆ ಹ್ವಾದ್ರು. ನಗು ಬಂತು. ನಕ್ರ ಗಂಟಲಾ ಉರೀತು.

೧೨ ಮಾರ್ಚ್
ಏರ್ಯಾವ! ಮೂರು ಸಾವಿರದ ಮ್ಯಾಲ. ಜ್ವರಾನೂ ಬಿಟ್ಟೈತಿ. ಆ ಗುಳಿಗಿ ಇನ್ನ ಜನ್ಮದಾಗ ಮುಟ್ಟಂಗಿಲ್ಲ, ಥೈರಾಯ್ಡಿಗೆ ಬ್ಯಾರೆ ಇಲಾಜು ಮಾಡ್ತಾರಂತ. ಹುಟ್ಟಿದಾಗಿಂದ ನನ್ನ ಸಂಬಂಧ ಬಡಿದಾಡಾಕತ್ತಿದ್ವು ಈ ಬಿಳಿಕಣ. ಒಂದಿನಾರ ನೆನಸಿದ್ದಿಲ್ಲ. ದೇವರ, ನಿನಗ ಶರಣು.
"ಅಕ್ಕಾ, ನೀ ಬರಲಿಲ್ಲಂದ್ರ —" ಅಂದ್ನಿ.
"ಗಂಜಿ ಆರತೈತಿ, ಕುಡಿ" ಅಂದ್ಲು. ಮಾರಿ ಆ ಕಡೆ ತಿರುಗಿಸಿದ್ಲು.

೧೪ ಮಾರ್ಚ್, ಟಿಕೋಟಾ
ಮನಿಗೆ ಬಂದ್ನಿ. ಅಕ್ಕ ನನ್ನ ಒಲಿ ಹಚ್ಚಾಕ ಬಿಡಲಿಲ್ಲ. ಎರಡೂ ಮನಿ ಹಿಟ್ಟು ಒಂದ ಪರಾತದಾಗ ಕಲಸ್ಯಾಳ. ಇವರೂ ಭಾವನೂ ಊಟಕ್ಕ ಬಾಜೂಕ ಬಾಜೂಕ ಕುಂತಾರ. ರೊಟ್ಟಿ ಬಡಿಯೂ ಸಪ್ಪಳ... "ಶೈಲಾ, ಬರತೀಯೋ ಇಲ್ಲೋ ಬೇ!" ಅಕ್ಕ ಒಳಗಿಂದ ಕರದ್ಲು. ಹೊಂಟ್ನಿ, ಮೊದಲ ಕೈ ತೊಕ್ಕೊಂಡು.